ಸ್ನಾತಕೋತ್ತರ ಪದವಿ ಮುಗಿದ ಮೇಲೆ ಪಿಎಚ್.ಡಿ.ಗೆ ಎಷ್ಟು ದಿನ ಬಿಟ್ಟು ಸೇರಬೇಕು: ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಲೆಕ್ಕ

ಹಾಸನದ ಹೇಮಗಂಗೋತ್ರಿಯಲ್ಲೋ ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿನಲ್ಲೋ ಎಂ.ಎ., ಎಂ.ಎಸ್ಸಿ. ಮುಗಿಸಿದವರು ಮೊದಲು ಕೇಳುವ ಪ್ರಶ್ನೆ ಇದೇ: ‘ಒಂದೆರಡು ವರ್ಷ ಗ್ಯಾಪ್ ಆದರೆ ಪಿಎಚ್.ಡಿ. ಸೀಟು ಕೊಡ್ತಾರಾ?’ ಕೊಡುತ್ತಾರೆ. ಪಿಎಚ್.ಡಿ.ಗೆ ಸಂಬಂಧಿಸಿದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯಲ್ಲಿ ಪದವಿಯಾಗಿ ಇಂತಿಷ್ಟು ವರ್ಷದೊಳಗೆ ಸೇರಬೇಕು ಎಂಬ ಮಿತಿ ಇಲ್ಲ. ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ 55% ಅಂಕ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರದಲ್ಲಿಲ್ಲದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಾದವರಿಗೆ 5% ವಿನಾಯಿತಿ ಇದೆ.

ಗ್ಯಾಪಿಗೆ ಮಿತಿ ಇಲ್ಲ ನಿಜ, ಆದರೆ ಗ್ಯಾಪಿನ ಸುತ್ತ ಇರುವ ಬೇರೆ ಎಲ್ಲದಕ್ಕೂ ಮಿತಿ ಇದೆ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕಕ್ಕೆ ಒಂದು ಅವಧಿ, ಅದರಲ್ಲಿ ಮೊದಲ ದರ್ಜೆ ಪಡೆದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್‌ನ ಪತ್ರಕ್ಕೆ ಇನ್ನೊಂದು, ನಿಮ್ಮ ವಯಸ್ಸಿಗೆ ಒಂದು, ಗೈಡ್ (ಸಂಶೋಧನಾ ಮಾರ್ಗದರ್ಶಕರು) ನಿವೃತ್ತಿಗೆ ಒಂದು, ಜಾತಿ–ಆದಾಯ ಪತ್ರಕ್ಕೆ ಮತ್ತೊಂದು. ಇವುಗಳಲ್ಲಿ ಯಾವುದು ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆ ಎಂದು ಮೊದಲೇ ಹೊಂದಿಸಿಕೊಂಡರೆ ಸಾಕು. ಬಹಳಷ್ಟು ಮಂದಿಗೆ ಒಂದರಿಂದ ಒಂದೂವರೆ ವರ್ಷದ ಅಂತರ ಸರಿಹೋಗುತ್ತದೆ. ಯಾಕೆ ಎಂಬುದಕ್ಕೆ ಅವಧಿಗಳನ್ನು ಒಂದೊಂದಾಗಿ ನೋಡಬೇಕು.

ಯಾವುದಕ್ಕೆ ಎಷ್ಟು ಆಯುಸ್ಸು

ಯುಜಿಸಿ ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಯಾಗಿ ನಡೆಯುತ್ತದೆ. 2024ರ ಜೂನ್‌ನಿಂದ ಫಲಿತಾಂಶ ಮೂರು ದರ್ಜೆಯಲ್ಲಿ ಬರುತ್ತಿದೆ. ಮೊದಲ ದರ್ಜೆಗೆ ಜೆಆರ್‌ಎಫ್ ಜೊತೆಗೆ ಸಹಾಯಕ ಪ್ರಾಧ್ಯಾಪಕ ಅರ್ಹತೆ. ಎರಡನೆಯದಕ್ಕೆ ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ. ಮೂರನೆಯದಕ್ಕೆ ಪಿಎಚ್.ಡಿ. ಪ್ರವೇಶ ಮಾತ್ರ. ಎರಡು, ಮೂರನೇ ದರ್ಜೆಯವರ ನೆಟ್ ಅಂಕ ಪಿಎಚ್.ಡಿ. ಪ್ರವೇಶಕ್ಕೆ ಒಂದೇ ವರ್ಷ ನಡೆಯುತ್ತದೆ. ಆ ಅಂಕಕ್ಕೆ 70%, ಸಂದರ್ಶನಕ್ಕೆ 30% ತೂಕ. ಜೆಆರ್‌ಎಫ್ ಬಂದವರ ಪತ್ರಕ್ಕೆ ಮೂರು ವರ್ಷದ ಅವಧಿ ಇರುತ್ತದೆ.

ಈ ವ್ಯತ್ಯಾಸವನ್ನು ಗಮನಿಸದೆ ಸೀಟು ಕಳೆದುಕೊಂಡವರು ಕಡಿಮೆಯಿಲ್ಲ. ಜೆಆರ್‌ಎಫ್ ಇದ್ದವರು ಒಳ್ಳೆಯ ಗೈಡ್‌ಗಾಗಿ ಒಂದು ವರ್ಷ ಕಾದರೂ ನಷ್ಟವಿಲ್ಲ. ಮೂರನೇ ದರ್ಜೆಯಲ್ಲಿ ಬಂದವರು ಹಾಗೆ ಕಾದರೆ ಅಂಕ ಕೆಲಸಕ್ಕೆ ಬಾರದಂತಾಗುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರಕಟಣೆಯನ್ನು ಪ್ರತಿವರ್ಷ ಒಂದೇ ತಿಂಗಳಲ್ಲಿ ಹೊರಡಿಸುವುದಿಲ್ಲ. ಗೈಡ್‌ಗಳ ಬಳಿ ಎಷ್ಟು ಜಾಗ ಖಾಲಿ ಇದೆ ಎಂಬುದರ ಮೇಲೆ ಸೀಟು ನಿಲ್ಲುತ್ತದೆ. ಹಾಗಾಗಿ ಈ ದರ್ಜೆಯವರು ಫಲಿತಾಂಶ ಬಂದ ವಾರವೇ ಮೈಸೂರು, ಕುವೆಂಪು, ಮಂಗಳೂರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಹೀಗೆ ನಾಲ್ಕೈದು ಕಡೆಯ ಜಾಲತಾಣ ನೋಡಿ, ಪ್ರವೇಶಕ್ಕೆ ನೆಟ್ ಅಂಕ ಒಪ್ಪುತ್ತಾರೋ ಸ್ವಂತ ಪ್ರವೇಶ ಪರೀಕ್ಷೆ ಇದೆಯೋ ಎಂದು ತಿಳಿದಿಟ್ಟುಕೊಳ್ಳಬೇಕು.

ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30. ಮಹಿಳೆಯರು, ಪರಿಶಿಷ್ಟರು, ಕೆನೆಪದರದಲ್ಲಿಲ್ಲದ ಹಿಂದುಳಿದ ವರ್ಗದವರು, ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ. ಯಾವ ತಾರೀಖಿಗೆ 30 ಎಂಬುದನ್ನು ಪ್ರತಿ ಆವೃತ್ತಿಯ ಪ್ರಕಟಣೆಯಲ್ಲೇ ಕೊಟ್ಟಿರುತ್ತಾರೆ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ. 23ಕ್ಕೆ ಎಂ.ಎ. ಮುಗಿಸಿದವರಿಗೆ ಏಳು ವರ್ಷ ಬೇಕಾದಷ್ಟು ಅನ್ನಿಸುತ್ತದೆ. ಆದರೆ ಪದವಿ ಆದಮೇಲೆ ಎರಡು ವರ್ಷ ಬಿ.ಇಡಿ., ಆಮೇಲೆ ಎಂ.ಎ., ನಡುವೆ ಎರಡು ವರ್ಷ ಪಿಡಿಒ ಪರೀಕ್ಷೆಯ ತಯಾರಿ ಎಂದು ಬಂದವರಿಗೆ 28 ಕಣ್ಮುಂದೆಯೇ ನಿಂತಿರುತ್ತದೆ.

ಹಣದ ಲೆಕ್ಕ ಹೀಗೆ. ಜೆಆರ್‌ಎಫ್ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದಾಗ ₹42,000. 2023ರ ಜನವರಿಯಿಂದ ಈ ದರ. ಎರಡೂ ಸೇರಿ ಐದು ವರ್ಷ. ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಅಂದರೆ ಆರನೇ ವರ್ಷಕ್ಕೆ ಕಾಲಿಟ್ಟವರಿಗೆ ಫೆಲೋಶಿಪ್ ಇರುವುದಿಲ್ಲ. ಆರು ವರ್ಷದ ಎಣಿಕೆ ಪ್ರವೇಶದ ದಿನದಿಂದಲೇ ಶುರು, ವಿಷಯ ಅಂತಿಮವಾದ ದಿನದಿಂದ ಅಲ್ಲ. ಆದ್ದರಿಂದ ಓದು, ಭಾಷೆ ಕಲಿಕೆ, ಅನುಮತಿ ಪತ್ರಗಳಂಥ ನಿಧಾನದ ಕೆಲಸಗಳನ್ನು ಪ್ರವೇಶಕ್ಕೆ ಮುಂಚಿನ ಬಿಡುವಿಗೆ ತಳ್ಳುವುದು ಜಾಣತನ. ಗ್ಯಾಪ್ ಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿಲ್ಲ.

ತಕ್ಷಣ ಸೇರುವುದು ಯಾರಿಗೆ, ಕಾಯುವುದು ಯಾರಿಗೆ

ಅಂತಿಮ ವರ್ಷದಲ್ಲೇ ನೆಟ್ ಬರೆಯಬಹುದು. ಫಲಿತಾಂಶ ಬಂದ ದಿನದಿಂದ ಎರಡು ವರ್ಷದೊಳಗೆ ಬೇಕಾದ ಅಂಕಗಳೊಂದಿಗೆ ಪದವಿ ಮುಗಿಸಬೇಕು. ಹಾಗೆ ಬರೆದು ಜೆಆರ್‌ಎಫ್ ಬಂದು, ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡಿದವರೇ ಗೈಡ್ ಆಗಲು ಒಪ್ಪಿ, ಮುಂದೆ ಏನು ಹುಡುಕಬೇಕು ಎಂಬುದೂ ಆ ಪ್ರಾಜೆಕ್ಟಿನಲ್ಲೇ ಹೊಳೆದಿದ್ದರೆ ಒಂದು ದಿನವೂ ಕಾಯುವುದು ಬೇಡ. ಮೂರರಲ್ಲಿ ಒಂದು ಇಲ್ಲದಿದ್ದರೂ ನಿಲ್ಲಿ. ಗೈಡ್ ಇದ್ದು ವಿಷಯ ಇಲ್ಲದವರು ಕೊಟ್ಟ ವಿಷಯ ಹಿಡಿದು, ಎರಡನೇ ವರ್ಷದಲ್ಲಿ ಅದನ್ನು ಬದಲಿಸಲು ಅರ್ಜಿ ಹಿಡಿದು ಓಡಾಡುತ್ತಾರೆ. ಆಗ ಆರು ವರ್ಷದಲ್ಲಿ ಒಂದೂವರೆ ವರ್ಷ ಆಗಲೇ ಹೋಗಿರುತ್ತದೆ.

ಒಂದರಿಂದ ಒಂದೂವರೆ ವರ್ಷ ಬಿಟ್ಟರೆ ಅಂತಿಮ ವರ್ಷದ್ದೂ ಸೇರಿ ಮೂರು ಸಲ ನೆಟ್ ಬರೆಯಲು ಸಿಗುತ್ತದೆ. ಮೊದಲ ಸಲ ಪ್ರಶ್ನೆಪತ್ರಿಕೆಯ ಹದ ತಿಳಿಯಲು. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ವಿಷಯದ ಪತ್ರಿಕೆ 100 ಪ್ರಶ್ನೆ, 200 ಅಂಕ. ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಕಲಾ ವಿಭಾಗದವರು ಹಿಂದುಳಿಯುವುದು ಹೆಚ್ಚಾಗಿ ಮೊದಲ ಪತ್ರಿಕೆಯಲ್ಲಿ. ದತ್ತಾಂಶ ವಿಶ್ಲೇಷಣೆ, ತರ್ಕ, ಸಂಶೋಧನಾ ವಿಧಾನಗಳಿಗೆ ಮೂರು ತಿಂಗಳು ಪಟ್ಟುಹಿಡಿದು ಕೂತರೆ ಈ ಕೊರತೆ ತುಂಬಿಕೊಳ್ಳುತ್ತದೆ.

ಎರಡು ವರ್ಷ ದಾಟಿದಾಗ ತೊಂದರೆ ಬೇರೆ ಬಗೆಯದು. ಸಂದರ್ಶನದಲ್ಲಿ ‘ಈ ಎರಡು ವರ್ಷ ಏನು ಮಾಡಿದಿರಿ’ ಎಂದು ಕೇಳುತ್ತಾರೆ. ಪಾಠ ಮಾಡಿದ್ದೆ, ತೋಟ ನೋಡಿಕೊಂಡಿದ್ದೆ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಆ ಎರಡು ವರ್ಷದಲ್ಲಿ ನಿಮ್ಮ ವಿಷಯದಲ್ಲಿ ಏನು ಓದಿದಿರಿ ಎಂದು ಕೇಳಿದಾಗ ಎಂ.ಎ. ಪಠ್ಯಪುಸ್ತಕದ ಹೆಸರನ್ನಷ್ಟೇ ಹೇಳಿದರೆ ಅಂಕ ಬೀಳುವುದಿಲ್ಲ. ಗ್ಯಾಪ್ ಎಷ್ಟೇ ಇರಲಿ, ಓದಿದ ಲೇಖನಗಳ ಒಂದು ನೋಟ್‌ಬುಕ್ ನಿಮ್ಮ ಬಳಿ ಇರಲಿ.

ಹದಿನೆಂಟು ತಿಂಗಳನ್ನು ಹೇಗೆ ಹಂಚುವುದು

ಮಲೆನಾಡಿನವರು ಕ್ಯಾಲೆಂಡರ್ ಹಾಕುವಾಗ ಎರಡು ಕಾಲಗಳನ್ನು ಮೊದಲು ಗುರುತು ಹಾಕಿಕೊಳ್ಳಲಿ: ಕಾಫಿ ಕೊಯ್ಲು ಮತ್ತು ಮಳೆಗಾಲ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಅಲ್ಲಿಂದ ಫೆಬ್ರುವರಿಯಾಚೆಗೂ ಎಳೆಯುತ್ತದೆ. ಡಿಸೆಂಬರ್ ಆವೃತ್ತಿಯ ನೆಟ್ ಮತ್ತು ಎಂಜಿನಿಯರಿಂಗ್, ವಿಜ್ಞಾನದವರು ಬರೆಯುವ ಫೆಬ್ರುವರಿಯ ಗೇಟ್ ಪರೀಕ್ಷೆ ಸರಿಯಾಗಿ ಇದೇ ಹೊತ್ತಿಗೆ ಬಂದು ಬೀಳುತ್ತವೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಮನೆಯ ತೋಟದ ಜವಾಬ್ದಾರಿ ಇರುವವರು ಡಿಸೆಂಬರ್ ಆವೃತ್ತಿಗೆ ಓದುವ ಕೆಲಸವನ್ನು ಅಕ್ಟೋಬರ್ ಕೊನೆಗೇ ಮುಗಿಸಿ, ಕೊಯ್ಲಿನ ತಿಂಗಳುಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದಕ್ಕಷ್ಟೇ ಇಳಿಯಬೇಕು. ಮನೆಯವರೊಡನೆ ಈ ಮಾತನ್ನು ಸೆಪ್ಟೆಂಬರ್‌ನಲ್ಲೇ ಆಡಿ. ಕಣದಲ್ಲಿ ಕಾಫಿ ಹರಡಿರುವಾಗ ಆಡುವ ಮಾತಲ್ಲ ಅದು. ಜೂನ್ ಆವೃತ್ತಿಯೇ ಇಂಥವರಿಗೆ ಹೆಚ್ಚು ಅನುಕೂಲ: ಹೂಮಳೆ ಮುಗಿದ ಮೇಲೆ ಏಪ್ರಿಲ್, ಮೇ ಎರಡು ತಿಂಗಳು ಕೈಗೆ ಸಿಗುತ್ತವೆ.

ಸ್ನಾತಕೋತ್ತರ ಪರೀಕ್ಷೆ ಮುಗಿದ ಮೊದಲ ಮೂರು ತಿಂಗಳು ದಾಖಲೆಗಳಿಗೆ ಮತ್ತು ವಿಷಯ ಹುಡುಕಾಟಕ್ಕೆ. ವಿಷಯ ಹುಡುಕುವುದೆಂದರೆ ಶೋಧಗಂಗಾ ಜಾಲತಾಣದಲ್ಲಿ ನಿಮ್ಮ ವಿಷಯದ ಹಳೆಯ ಪ್ರಬಂಧಗಳನ್ನು ತೆಗೆದು ನೋಡುವುದು. ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಹತ್ತು ಬಗೆಯಾಗಿ ಬರೆದಿರುತ್ತಾರೆ, ಆದ್ದರಿಂದ ಒಂದೇ ಕಾಗುಣಿತದಲ್ಲಿ ಹುಡುಕಿ ‘ಯಾರೂ ಮಾಡಿಲ್ಲ’ ಎಂದುಕೊಳ್ಳಬೇಡಿ. ಸಿಕ್ಕ ಪ್ರಬಂಧಗಳ ಕೊನೆಯ ಅಧ್ಯಾಯ ಮೊದಲು ಓದಿ; ಮುಂದೆ ಏನು ಆಗಬೇಕಿದೆ ಎಂದು ಬರೆದವರೇ ಅಲ್ಲಿ ಹೇಳಿರುತ್ತಾರೆ.

ನಾಲ್ಕರಿಂದ ಒಂಬತ್ತನೇ ತಿಂಗಳವರೆಗೆ ನೆಟ್ ಓದು ಮುಂದೆ, ವಿಷಯದ ಓದು ಹಿಂದೆ. ವಾರಕ್ಕೆ ಎರಡು ಲೇಖನ ಸಾಕು. ಒಂಬತ್ತನೇ ತಿಂಗಳಿನಿಂದ ಗೈಡ್ ಭೇಟಿ ಶುರುಮಾಡಿ. ಪ್ರಕಟಣೆ ಬಂದ ಮೇಲೆ ಹೋದರೆ ಬಾಗಿಲ ಮುಂದೆ ಇಪ್ಪತ್ತು ಮಂದಿ ನಿಂತಿರುತ್ತಾರೆ. ನಾಲ್ಕೈದು ತಿಂಗಳು ಮುಂಚೆ ಹೋದವರ ಮಾತು ಕೇಳಲು ಅವರಿಗೂ ಪುರುಸೊತ್ತು ಇರುತ್ತದೆ. ಕೊನೆಯ ಆರು ತಿಂಗಳು ಅರ್ಜಿ, ಪ್ರವೇಶ ಪರೀಕ್ಷೆ, ಸಂದರ್ಶನ. ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯ. ಅರ್ಹತೆಗೆ 50% ಬೇಕು. ನೆಟ್‌ಗೆ ಓದಿದ್ದು ಇಲ್ಲಿಗೂ ಆಗುತ್ತದೆ.

ಗೈಡ್ ಬಳಿ ಏನು ಕೇಳಬೇಕು

ಪ್ರಾಧ್ಯಾಪಕರು ಒಂದು ಹೊತ್ತಿಗೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಗ್ಯಾಪಿನ ಉದ್ದವನ್ನು ನಿಜವಾಗಿ ನಿರ್ಧರಿಸುವುದು ಎಷ್ಟೋ ಸಲ ಈ ಎರಡು ನಿಯಮಗಳೇ. ನೀವು ಬಯಸಿದ ಮೇಡಂ ನಿವೃತ್ತಿಗೆ ನಾಲ್ಕು ವರ್ಷ ಇದ್ದರೆ ‘ಇನ್ನೊಂದು ನೆಟ್ ಬರೆದು ಬರುತ್ತೇನೆ’ ಎನ್ನುವ ಹೊತ್ತಿಗೆ ಅವರ ಬಾಗಿಲು ಮುಚ್ಚಿರುತ್ತದೆ. ಅವರ ಬಳಿ ಜಾಗ ಇಲ್ಲ, ಆದರೆ ಒಬ್ಬರ ಪ್ರಬಂಧ ಎಂಟು ತಿಂಗಳಲ್ಲಿ ಸಲ್ಲಿಕೆಯಾಗಲಿದೆ ಎಂದಾದರೆ ಆ ಎಂಟು ತಿಂಗಳು ಕಾಯುವುದು ಲಾಭ.

ಹೋಗುವ ಮುಂಚೆ ಅವರ ಎರಡು ಲೇಖನ ಓದಿ, ನಿಮ್ಮ ವಿಚಾರವನ್ನು ಎರಡು ಪುಟದಲ್ಲಿ ಬರೆದುಕೊಂಡು ಹೋಗಿ. ಜಾಗ ಎಷ್ಟಿದೆ, ಯಾವಾಗ ತೆರವಾಗಬಹುದು, ನಿವೃತ್ತಿ ಯಾವ ವರ್ಷ, ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಸಲ್ಲಿಸಿದರು: ಇಷ್ಟನ್ನು ವಿನಯದಿಂದ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಕೊನೆಯ ಪ್ರಶ್ನೆಯನ್ನು ಅವರ ವಿದ್ಯಾರ್ಥಿಗಳಲ್ಲೂ ಒಮ್ಮೆ ಕೇಳಿ.

ಜೆಆರ್‌ಎಫ್‌ಗಾಗಿ ಕಾಯಬೇಕೋ ಈಗಲೇ ಸೇರಬೇಕೋ ಎಂಬ ಗೊಂದಲಕ್ಕೆ ಉತ್ತರವೂ ಇಲ್ಲೇ ಇದೆ. ಸೇರಿದ ಮೇಲೂ ನೆಟ್ ಬರೆಯಬಹುದು. ಆಮೇಲೆ ಜೆಆರ್‌ಎಫ್ ಬಂದರೆ ಫಲಿತಾಂಶದ ದಿನ ಮತ್ತು ಸೇರಿದ ದಿನ ಇವೆರಡರಲ್ಲಿ ಯಾವುದು ನಂತರದ್ದೋ ಅಲ್ಲಿಂದ ಹಣ ಶುರುವಾಗುತ್ತದೆ. ಹಿಂದಿನ ತಿಂಗಳುಗಳಿಗೆ ಸಿಗುವುದಿಲ್ಲ. ಒಳ್ಳೆಯ ಗೈಡ್ ಸಿಕ್ಕಿ, ಮನೆಯಿಂದ ಒಂದು ವರ್ಷ ನಡೆಸಿಕೊಳ್ಳಬಹುದಾದರೆ ಸೇರಿಬಿಡಿ.

ನಡುವಿನ ದಿನಗಳ ದುಡಿಮೆ

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕ ಕೆಲಸ ಹೆಚ್ಚಿನವರು ಹಿಡಿಯುವ ದಾರಿ. ಪಾಠ ಮಾಡಿದರೆ ವಿಷಯ ಗಟ್ಟಿಯಾಗುತ್ತದೆ, ಅನುಭವ ಪತ್ರ ಸಿಗುತ್ತದೆ. ಆದರೆ ವರ್ಷದ ಎಲ್ಲ ತಿಂಗಳೂ ಸಂಬಳ ಬರುವುದಿಲ್ಲ. ನೆಟ್ ಅಥವಾ ಕೆ-ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಇದ್ದವರಿಗೆ ಆದ್ಯತೆ ಸಿಗುವುದರಿಂದ ಅರ್ಹತೆ ಇಲ್ಲದವರು ವರ್ಷದಿಂದ ವರ್ಷಕ್ಕೆ ಅನಿಶ್ಚಿತತೆಯಲ್ಲೇ ಇರಬೇಕಾಗುತ್ತದೆ. ಕೆ-ಸೆಟ್ ಉಪನ್ಯಾಸಕ ಹುದ್ದೆಗೆ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ಎರಡಕ್ಕೂ ಓದು ಹೆಚ್ಚುಕಡಿಮೆ ಒಂದೇ, ಹಾಗಾಗಿ ಎರಡನ್ನೂ ಬರೆಯಿರಿ.

ಇನ್ನೊಂದು ಮಾತು ಸ್ಪಷ್ಟವಾಗಬೇಕು. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ನೆಟ್ ಇಲ್ಲವೇ ರಾಜ್ಯ ಮಟ್ಟದ ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ; ಪಿಎಚ್.ಡಿ. ಐಚ್ಛಿಕ. ಕೆಲಸಕ್ಕಾಗಿ ಮಾತ್ರ ಪಿಎಚ್.ಡಿ. ಎಂದುಕೊಂಡವರು ಮೊದಲು ಅರ್ಹತಾ ಪರೀಕ್ಷೆ ಮುಗಿಸಿ ಆಮೇಲೆ ಸಂಶೋಧನೆಯ ಬಗ್ಗೆ ಯೋಚಿಸುವುದು ಒಳ್ಳೆಯದು. ಬಿ.ಇಡಿ. ಮಾಡಬೇಕೆಂದಿದ್ದರೆ ಅದನ್ನು ಗ್ಯಾಪಿನಲ್ಲೇ ಮಾಡಬೇಕು: ಏಕಕಾಲಕ್ಕೆ ಎರಡು ಕೋರ್ಸ್ ಮಾಡಲು ಯುಜಿಸಿ ಕೊಟ್ಟ ಅವಕಾಶ ಪಿಎಚ್.ಡಿ.ಗೆ ಅನ್ವಯಿಸುವುದಿಲ್ಲ. ಶಾಲೆಯಲ್ಲಿ ಪಾಠ ಮಾಡುವ ಮನಸ್ಸಿಲ್ಲದೆ, ಸುಮ್ಮನಿರಬಾರದು ಎಂಬ ಕಾರಣಕ್ಕೆ ಬಿ.ಇಡಿ. ಸೇರಬೇಡಿ. ಎರಡು ವರ್ಷ ಸಣ್ಣದಲ್ಲ.

ವಿಷಯಕ್ಕೆ ತಕ್ಕ ತಯಾರಿ

ಇತಿಹಾಸ, ಕನ್ನಡ, ಶಾಸನ ಅಧ್ಯಯನದವರು ನಿಂತ ನೆಲವೇ ಗ್ರಂಥಾಲಯ. ಹಲ್ಮಿಡಿ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಲ್ಲವೂ ಹಾಸನ ಜಿಲ್ಲೆಯಲ್ಲೇ ಇವೆ. ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಆವೃತ್ತಿಯಲ್ಲಿ ಹಾಸನಕ್ಕೆ 5ನೇ ಸಂಪುಟ. ಚಿಕ್ಕಮಗಳೂರಿನದು 6ನೇ ಸಂಪುಟದಲ್ಲಿ ‘ಕಡೂರು ಜಿಲ್ಲೆ’ ಎಂಬ ಹೆಸರಿನಲ್ಲಿದೆ. ಹಳೆಯ ಸರ್ಕಾರಿ ಕಡತಗಳಲ್ಲೂ ಕಡೂರು ಎಂದೇ ಹುಡುಕಬೇಕು. ಗ್ಯಾಪಿನ ಆರು ತಿಂಗಳಲ್ಲಿ ಹಳಗನ್ನಡ ಲಿಪಿಯನ್ನು ಕಲ್ಲಿನಿಂದಲೇ ಓದುವಷ್ಟು ಪಳಗಿದರೆ ಪ್ರವೇಶದ ನಂತರದ ಒಂದು ವರ್ಷ ಉಳಿಯುತ್ತದೆ. ಜೈನ ವಿಷಯ ಹಿಡಿಯುವವರಿಗೆ ಪ್ರಾಕೃತದ ಪ್ರಾಥಮಿಕ ಜ್ಞಾನ ಬೇಕು. ಶ್ರವಣಬೆಳಗೊಳದಲ್ಲಿ ಪ್ರಾಕೃತ ಅಧ್ಯಯನ ಸಂಸ್ಥೆಯೇ ಇದೆ.

ಕನ್ನಡದಲ್ಲಿ ಪ್ರಬಂಧ ಬರೆಯುವವರು ಈಗಲೇ ಯೂನಿಕೋಡ್ ಟೈಪಿಂಗ್ ರೂಢಿಸಿಕೊಳ್ಳಿ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ನಾಲ್ಕು ವರ್ಷ ಟಿಪ್ಪಣಿ ಹಾಕಿ, ಕೊನೆಯಲ್ಲಿ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು, ಅಂಕಿಗಳೆಲ್ಲ ಕೆಟ್ಟು ನಾನೂರು ಪುಟ ತಿದ್ದಲು ಕೂತವರಿದ್ದಾರೆ. ಹಳೆಯ ಫಾಂಟಿನ ಕಡತದಲ್ಲಿ ಹುಡುಕಾಟವೂ ನೆಟ್ಟಗೆ ನಡೆಯುವುದಿಲ್ಲ.

ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದವರಿಗೆ ಮಳೆಯೇ ವೇಳಾಪಟ್ಟಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಕೆಲಸ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಪ್ರವೇಶದ ನಂತರ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್ (ತರಗತಿಯ ಪಾಠ) ಇರುತ್ತದೆ. ಮಳೆಗಾಲದಲ್ಲಿ ಕಾಣುವ ಕಪ್ಪೆಗಳ ಮೇಲೆ ಕೆಲಸ ಮಾಡುವವರು ಜನವರಿ ಹೊತ್ತಿಗೆ ಸೇರಿದರೆ ಮೊದಲ ಮಳೆ ಕೋರ್ಸ್‌ವರ್ಕ್‌ನಲ್ಲೇ ಹೋಗಬಹುದು. ಜುಲೈ–ಆಗಸ್ಟ್‌ನಲ್ಲಿ ಸೇರಿದರೆ ಮುಂದಿನ ಜೂನ್‌ಗೆ ಕೋರ್ಸ್‌ವರ್ಕ್ ಮುಗಿದು ಅನುಮತಿಯೂ ಕೈಗೆ ಬಂದಿರುವ ಸಾಧ್ಯತೆ ಹೆಚ್ಚು. ಕಾಫಿಯ ಮೇಲೆ ಆಸಕ್ತಿ ಇರುವವರು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಯೋಜನಾ ಸಹಾಯಕರ ಹುದ್ದೆ ಕರೆಯುತ್ತಾರೆಯೇ ಎಂದು ಕಾಫಿ ಮಂಡಳಿಯ ಜಾಲತಾಣ ನೋಡುತ್ತಿರಿ. ಪ್ರಯೋಗಾಲಯದಲ್ಲಿ ಒಂದು ವರ್ಷ ಕೈ ಪಳಗಿಸಿದ್ದು ವಿಜ್ಞಾನದವರ ಸಂದರ್ಶನದಲ್ಲಿ ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚು ನಿಲ್ಲುತ್ತದೆ.

ಎಂ.ಟೆಕ್. ಮುಗಿಸಿದವರ ಗೇಟ್ ಅಂಕಕ್ಕೆ ಮೂರು ವರ್ಷ ಬೆಲೆ. ಹೊರದೇಶಕ್ಕೆ ಹೋಗುವವರು ಟೋಫೆಲ್, ಐಇಎಲ್‌ಟಿಎಸ್‌ಗೆ ಎರಡು ವರ್ಷ, ಜಿಆರ್‌ಇಗೆ ಐದು ವರ್ಷ ಎಂದು ಲೆಕ್ಕ ಹಿಡಿಯಲಿ; ಭಾಷಾ ಪರೀಕ್ಷೆಯನ್ನು ಅರ್ಜಿ ಹಾಕುವ ವರ್ಷವೇ ಬರೆಯುವುದು ಸರಿ.

ಕಾಗದಪತ್ರ

ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2023ರಲ್ಲಿ ಅದೇ ಹಾಸನ ವಿಶ್ವವಿದ್ಯಾಲಯವಾಯಿತು. ನಿಮ್ಮ ಮಾರ್ಕ್ಸ್ ಕಾರ್ಡಿನ ತಲೆಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಬೇರೆ ವಿಶ್ವವಿದ್ಯಾಲಯ ಸೇರಲು ಬೇಕಾದ ಮೈಗ್ರೇಶನ್ ಪತ್ರವೂ ಅಲ್ಲಿಂದಲೇ ಬರಬೇಕು. ಚಿಕ್ಕಮಗಳೂರಿನ ಕಡೆ ಕುವೆಂಪು ವಿಶ್ವವಿದ್ಯಾಲಯದ ಪದವಿ ಪಡೆದವರು ಶಂಕರಘಟ್ಟಕ್ಕೆ ಅರ್ಜಿ ಹಾಕಬೇಕು. ಸೀಟು ಸಿಕ್ಕ ಮೇಲೆ ಓಡುವುದಕ್ಕಿಂತ ಪಿಡಿಸಿ (ತಾತ್ಕಾಲಿಕ ಪದವಿ ಪತ್ರ) ತೆಗೆಯುವಾಗಲೇ ಇದರ ವಿಧಾನ ಕೇಳಿಕೊಂಡು ಬನ್ನಿ.

54.8% ಇದ್ದವರನ್ನು 55 ಎಂದು ಯಾರೂ ಪರಿಗಣಿಸುವುದಿಲ್ಲ. ನೆಟ್ ಪ್ರಕಟಣೆಯಲ್ಲೇ ಅಂಕವನ್ನು ಮೇಲಕ್ಕೆ ಪೂರ್ಣಗೊಳಿಸುವಂತಿಲ್ಲ ಎಂದಿದೆ. ಇಂಪ್ರೂವ್‌ಮೆಂಟ್ ಪರೀಕ್ಷೆಗೆ ನಿಮ್ಮ ವಿಶ್ವವಿದ್ಯಾಲಯದಲ್ಲಿ ಅವಕಾಶವಿದ್ದರೆ ಬೇರೆ ಕೆಲಸ ಬಿಟ್ಟು ಮೊದಲು ಅದನ್ನು ಬರೆಯಿರಿ.

ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಎಂ.ಎ. ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ: ಇದು ನಮ್ಮ ಕಡೆ ಮನೆಮನೆಯ ಕಥೆ. ಫೆಲೋಶಿಪ್ ಹಣ ಬ್ಯಾಂಕಿಗೆ ಬರುವ ಹೊತ್ತಿಗೆ ಇದು ತಡೆಯಾಗುತ್ತದೆ. ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಎಸ್ಸೆಸ್ಸೆಲ್ಸಿಯ ಹೆಸರಿಗೆ ಹೊಂದಿಸಿ.

ಜಾತಿ ಪತ್ರದಲ್ಲಿ ಒಂದು ಸೂಕ್ಷ್ಮವಿದೆ. ರಾಜ್ಯದ ಪ್ರವರ್ಗ 1, 2ಎ, 3ಎ, 3ಬಿ ಪತ್ರ ನೆಟ್‌ಗೆ ನಡೆಯುವುದಿಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಿಮ್ಮ ಜಾತಿ ಇದ್ದು, ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರ ಸಹಿಯ ಪತ್ರ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಆರ್ಥಿಕವಾಗಿ ದುರ್ಬಲ ವರ್ಗದ ಪತ್ರ ಆಯಾ ಹಣಕಾಸು ವರ್ಷಕ್ಕೆ ಮಾತ್ರ. ಏಪ್ರಿಲ್ ಬಂದ ಕೂಡಲೇ ಹೊಸದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ.

ಮದುವೆ, ಮಗು, ನೌಕರಿ ಇದ್ದವರಿಗೆ

ಮಹಿಳೆಯರಿಗೆ ಮತ್ತು 40%ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಪಿಎಚ್.ಡಿ. ಮುಗಿಸಲು ಇನ್ನೂ ಎರಡು ವರ್ಷ ಹೆಚ್ಚು ಸಿಗುತ್ತದೆ, ಅಂದರೆ ಮರುನೋಂದಣಿಯೂ ಸೇರಿ ಹತ್ತು ವರ್ಷದವರೆಗೆ. ಪೂರ್ತಿ ಅವಧಿಯಲ್ಲಿ ಮಹಿಳೆಯರು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಬಹುದು. ಮದುವೆ, ಮಗು ಎಲ್ಲ ಆಗಲಿ ಆಮೇಲೆ ಸೇರಿದರಾಯಿತು ಎಂದು ಮನೆಯಲ್ಲಿ ಹೇಳುವವರಿಗೆ ಈ ಎರಡು ಅಂಕಿಗಳನ್ನು ತೋರಿಸಿ. ಸೇರಿದ ಮೇಲೆ ರಜೆಗೆ ನಿಯಮವಿದೆ. ಸೇರದೆ ಮುಂದೂಡಿದರೆ ಜೆಆರ್‌ಎಫ್ ಪತ್ರದ ಮೂರು ವರ್ಷ ಯಾರಿಗೂ ಕಾಯದೆ ಓಡುತ್ತಿರುತ್ತದೆ.

ಹತ್ತು ಹದಿನೈದು ವರ್ಷದ ಹಿಂದೆ ಎಂ.ಎ. ಮಾಡಿ ಈಗ ಕೆಲಸದಲ್ಲಿರುವವರಿಗೆ ಅರೆಕಾಲಿಕ ಪಿಎಚ್.ಡಿ. ದಾರಿ ಇದೆ. ಉದ್ಯೋಗ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ಬೇಕು. ಓದಲು ಸಮಯ ಕೊಡಲಾಗುವುದು, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದು ಎಂದು ಅದರಲ್ಲಿ ಬರೆದಿರಬೇಕು. ‘ಆಕ್ಷೇಪಣೆ ಇಲ್ಲ’ ಎಂಬ ಒಂದೇ ಸಾಲಿನ ಪತ್ರ ವಾಪಸ್ ಬರುತ್ತದೆ. ಇಲಾಖೆಯಲ್ಲಿ ಆ ಪತ್ರ ಮೇಜಿನಿಂದ ಮೇಜಿಗೆ ಹೋಗಿ ಬರಲು ಹಿಡಿಯುವ ಸಮಯವನ್ನು ನಿಮ್ಮ ಕಚೇರಿಯಲ್ಲಿ ಹಿಂದೆ ಪಡೆದವರಿಂದ ಕೇಳಿ ತಿಳಿದು, ಪ್ರಕಟಣೆಗೆ ಅಷ್ಟು ತಿಂಗಳು ಮುಂಚೆಯೇ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.